ತೂಕ ಒಂದೇ, ಒಳಗಿನ ಲೆಕ್ಕ ಬೇರೆ

ಚಳ್ಳಕೆರೆಯ ಮಾರುಕಟ್ಟೆಗೆ ಬರುವ ಎರಡು ಶೇಂಗಾ ಮೂಟೆಗಳು ತಕ್ಕಡಿಯಲ್ಲಿ ಸಮ ತೂಗಬಹುದು. ಸುಲಿದು ನೋಡಿದರೆ ಒಂದರಲ್ಲಿ ಕಾಳು ಹೆಚ್ಚು, ಇನ್ನೊಂದರಲ್ಲಿ ಸಿಪ್ಪೆ ಹೆಚ್ಚು. ಮನುಷ್ಯರ ದೇಹವೂ ಹಾಗೆಯೇ. ಕೊಬ್ಬು, ಸ್ನಾಯು, ಮೂಳೆ, ನೀರು ಎಲ್ಲ ಸೇರಿದ ಮೊತ್ತವೇ ತೂಕ. ಯಾವುದು ಎಷ್ಟಿದೆ ಎಂಬುದನ್ನು ತಕ್ಕಡಿ ಹೇಳುವುದಿಲ್ಲ.

ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. 170 ಸೆಂ.ಮೀ. ಎತ್ತರ, 65 ಕಿಲೋ ತೂಕ ಇರುವವರಿಗೆ ಅದು 22.5. ಚಳ್ಳಕೆರೆ ಸೀಮೆಯಲ್ಲಿ ದಿನವಿಡೀ ಕುರಿಗಳ ಹಿಂದೆ ನಡೆಯುವವರು, ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕುಳಿತು ರೇಷ್ಮೆ ಸೀರೆ ನೇಯುವವರು, ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ಕೂರುವ ವ್ಯಾಪಾರಸ್ಥರು, ಈ ಮೂವರ ಎತ್ತರ, ತೂಕ ಒಂದೇ ಇದ್ದರೆ ಬಿಎಂಐ ಕೂಡ ಒಂದೇ. ಆದರೆ ಕೊಬ್ಬಿನ ಪಾಲು ಒಂದೇ ಆಗಿರಬೇಕೆಂದಿಲ್ಲ. ವಯಸ್ಸಾದಂತೆ ಸ್ನಾಯು ಕರಗುತ್ತದೆ. ಸ್ತ್ರೀಯರಲ್ಲಿ ಕೊಬ್ಬಿನ ಪಾಲು ಸಹಜವಾಗಿಯೇ ಪುರುಷರಿಗಿಂತ ಹೆಚ್ಚು.

ಇದಕ್ಕೆ ಪ್ರಸಿದ್ಧ ಉದಾಹರಣೆ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮ ದೇಹಗಳನ್ನೇ ಸ್ಕ್ಯಾನ್ ಮಾಡಿಸಿಕೊಂಡರು. ಇಬ್ಬರ ಬಿಎಂಐ 22.3. ಯುಡ್ಕಿನ್ ಅವರಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಯುಡ್ಕಿನ್ ಮ್ಯಾರಥಾನ್ ಓಡುವವರು, ಆದ್ದರಿಂದ ದಿನಚರಿಯ ಪಾತ್ರವೂ ಇದರಲ್ಲಿದೆ. ಆದರೆ ಹುಟ್ಟಿನಿಂದಲೇ ಬರುವ ವ್ಯತ್ಯಾಸವೂ ಉಂಟು. ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಬಹಳ ಕಡಿಮೆ ಇದ್ದರೂ, ಕಡಿಮೆಯಾಗಿದ್ದದ್ದು ಮುಖ್ಯವಾಗಿ ಸ್ನಾಯು, ಕೊಬ್ಬಲ್ಲ ಎಂದು ಯಾಜ್ಞಿಕ್ ಅವರ ತಂಡ ಕಂಡುಕೊಂಡಿದೆ.

ಊಟವಾದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯನ್ನು ಹೆಚ್ಚಾಗಿ ಬಳಸಿಕೊಳ್ಳುವುದು ಸ್ನಾಯು. ಸ್ನಾಯು ಕಡಿಮೆಯಾಗಿ ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಕೊಬ್ಬು ಸೇರಿದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ನೋಡಲು ಸಣಕಲಾಗಿದ್ದವರಿಗೂ ಸಕ್ಕರೆ ಕಾಯಿಲೆ ಬರುವುದು ಹೀಗೆ. ಅದಕ್ಕಾಗಿಯೇ 2009ರಲ್ಲಿ ಭಾರತದ ತಜ್ಞರು ಭಾರತೀಯರಿಗೆ ಅಧಿಕ ತೂಕದ ಮಿತಿಯನ್ನು 25ರ ಬದಲು 23 ಎಂದೂ, ಬೊಜ್ಜಿನ ಮಿತಿಯನ್ನು 30ರ ಬದಲು 25 ಎಂದೂ ಗುರುತಿಸಿದರು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಸ್ತ್ರೀಯರಲ್ಲಿ 80 ಸೆಂ.ಮೀ. ತಲುಪಿದರೆ ಎಚ್ಚರ ವಹಿಸಬೇಕು.

ಅಳೆಯಲು ದರ್ಜಿಯ ಟೇಪು ಸಾಕು. ಉಸಿರು ಹೊರಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಬಿಗಿಯದೆ ಅಳೆಯಬೇಕು.

ಸಸ್ಯಾಹಾರಿಗಳಾದ ಮಾತ್ರಕ್ಕೆ ಹೊಟ್ಟೆಯ ಕೊಬ್ಬು ಬರುವುದಿಲ್ಲ ಎಂದು ನಂಬಿ ಕೂರುವಂತಿಲ್ಲ. ತಟ್ಟೆಯಲ್ಲಿ ಅನ್ನ, ಕರಿದ ತಿಂಡಿ, ಸಿಹಿ ಹೆಚ್ಚಾಗಿ ಬೇಳೆಕಾಳು ಕಡಿಮೆಯಾದರೆ ಸ್ನಾಯುವಿಗೆ ಆಧಾರ ಸಿಗುವುದಿಲ್ಲ. ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂಬುದು ಐಸಿಎಂಆರ್ ಶಿಫಾರಸು. ಅಂದರೆ 65 ಕಿಲೋ ಇರುವವರಿಗೆ ಸುಮಾರು 54 ಗ್ರಾಂ. 30 ಗ್ರಾಂ ಶೇಂಗಾದಲ್ಲಿ ಸುಮಾರು 7 ಗ್ರಾಂ ಸಿಗುತ್ತದೆ. ತೊಗರಿ, ಹೆಸರು, ಹುರುಳಿ, ಹಾಲು, ಮೊಸರು ಉಳಿದದ್ದನ್ನು ತುಂಬಿಸಬಲ್ಲವು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು.

ಆಹಾರದ ಜೊತೆಗೆ ಮೈಗೆ ಕೆಲಸವೂ ಬೇಕು. ಅಂಗಡಿಯಲ್ಲಿ ಕೂರುವವರು ಗಂಟೆಗೊಮ್ಮೆ ಎದ್ದು ಓಡಾಡುವುದು, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯುವುದು, ವಾರಕ್ಕೆ ಎರಡು ದಿನವಾದರೂ ಬಸ್ಕಿಯಂಥ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡುವುದು ಒಳ್ಳೆಯದು. ಸೊಂಟದ ಅಳತೆ ಮಿತಿ ದಾಟಿದ್ದರೆ ತೂಕ ಎಷ್ಟೇ ಇರಲಿ, ರಕ್ತದ ಸಕ್ಕರೆ ಮತ್ತು ಬಿ.ಪಿ. ಪರೀಕ್ಷೆ ಮಾಡಿಸಿಕೊಳ್ಳುವುದನ್ನು ಮುಂದೂಡಬಾರದು.