ಮೆಣಸಿಗೆ ಬಂದವರು

ಭಟ್ಕಳ ಬಂದರಿನಲ್ಲಿ ಈಗ ಮೀನಿನ ಬೋಟುಗಳದ್ದೇ ಗದ್ದಲ. ಬಲೆ ರಿಪೇರಿ ಮಾಡುವವರು, ಐಸ್ ಹೊರುವವರು, ದರಕ್ಕೆ ಚೌಕಾಸಿ ಮಾಡುವವರು. 1637ರ ಆರಂಭದಲ್ಲಿ ಇದೇ ಕರೆಯ ಎದುರು ಕ್ಯಾಪ್ಟನ್ ವೆಡೆಲ್‌ನ ಇಂಗ್ಲಿಷ್ ಹಡಗುಗಳು ಲಂಗರು ಹಾಕಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲ. ಆ ಕಂಪನಿಗೇ ಪೈಪೋಟಿಯಾಗಿ ದೊರೆ ಒಂದನೇ ಚಾರ್ಲ್ಸ್‌ನ ಪರವಾನಗಿ ಪಡೆದ ವಿಲಿಯಂ ಕೋರ್ಟೀನ್‌ನ ಕೂಟದವು. ದಾಯಾದಿ ಜಗಳವನ್ನು ಹಡಗಿನಲ್ಲೇ ಹೇರಿಕೊಂಡು ಬಂದಿದ್ದರು ಅನ್ನಿ.

ಕಾಳುಮೆಣಸು ಬೇಕಾದರೆ ಘಟ್ಟ ಹತ್ತಬೇಕಿತ್ತು. ಇಕ್ಕೇರಿಯಲ್ಲಿ ಕೂತ ವೀರಭದ್ರ ನಾಯಕನ ಅಪ್ಪಣೆಯಿಲ್ಲದೆ ಕೆಳಗೆ ಒಂದು ಮೂಟೆಯೂ ಅಲುಗುತ್ತಿರಲಿಲ್ಲ. ಮೇಲೆ ಹೋದ ತಂಡದಲ್ಲಿದ್ದ ಪೀಟರ್ ಮಂಡಿ ಕಂಡದ್ದನ್ನೆಲ್ಲ ಬರೆದಿಡುವ ಚಟದವನು. ಹೊನ್ನಾವರದ ಕೋಟೆಯಲ್ಲಿ ಆಗ ಪೋರ್ಚುಗೀಸರಿದ್ದರು. ಅವರಿಗೊಬ್ಬ ಎದುರಾಳಿ ಸಿಕ್ಕರೆ ನಾಯಕನಿಗೇನು ನಷ್ಟ? ಭಟ್ಕಳದಲ್ಲಿ ವ್ಯಾಪಾರದ ಕೋಠಿ ಹಾಕಲು ಒಪ್ಪಿಗೆ ಸಿಕ್ಕಿತು. ವೆಡೆಲ್ ಚೀನಾದ ದಾರಿ ಹಿಡಿದ. ಕೆಲವರು ಇಲ್ಲೇ ಉಳಿದರು.

ಹೇಗೆ ಬದುಕಿದರು ಎನ್ನುವುದಕ್ಕಿಂತ ಹೇಗೆ ಸತ್ತರು ಎಂಬುದಕ್ಕೇ ಸಾಕ್ಷಿ ಹೆಚ್ಚು. ಭಟ್ಕಳದಲ್ಲಿ ಮೂರು ಇಂಗ್ಲಿಷ್ ಗೋರಿಕಲ್ಲುಗಳನ್ನು ಓದಿ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ವ್ಯಾಪಾರಿ ಜಾರ್ಜ್ ವೈ, 1637. ವ್ಯಾಪಾರಿ ಆಂಟನಿ ವರ್ನ್‌ವರ್ದಿ, ಅದೇ ವರ್ಷ. ವಿಲಿಯಂ ಬಾರ್ಟನ್, 1638, ಈತ ಶಸ್ತ್ರವೈದ್ಯ. ಮದ್ದು ಕೊಡಬೇಕಾದವನೇ ಮರುವರ್ಷ ಮಣ್ಣು ಸೇರಿದ. ಜೂನ್ ಬಂತೆಂದರೆ ಕಡಲು ಮುಚ್ಚಿತು; ಹಡಗೂ ಇಲ್ಲ, ಕಾಗದವೂ ಇಲ್ಲ. ಗೋಡೆ ಬೆವರುವ ಕೋಠಿಯಲ್ಲಿ, ಬೂಷ್ಟು ಹಿಡಿದ ಲೆಕ್ಕದ ಪುಸ್ತಕದ ಮುಂದೆ, ಮಳೆಯ ಸದ್ದು ಕೇಳುತ್ತ ಕೂತಿರಬೇಕು ಪಾಪ.

ಇದೇ ಭಟ್ಕಳದ ಇನ್ನೊಂದು ಕಥೆಯನ್ನು ಕ್ಯಾಪ್ಟನ್ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1727ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಹೇಳುತ್ತಾನೆ. 1670ರ ಸುಮಾರಿಗೆ ಮೆಣಸು ತುಂಬಲು ಬಂದ ಹಡಗಿನವನೊಬ್ಬ ಕೋಠಿಯ ಯಜಮಾನನಿಗೆ ಬುಲ್‌ಡಾಗ್ ನಾಯಿಯೊಂದನ್ನು ಉಡುಗೊರೆ ಕೊಟ್ಟ. ಬೇಟೆಗೆಂದು ಹೊರಟ ಹದಿನೆಂಟು ಮಂದಿ ಪೇಟೆ ದಾಟುವಾಗ ಆ ನಾಯಿ ದೇವರಿಗೆ ಬಿಟ್ಟ ಹಸುವಿನ ಮೇಲೆ ಹಾರಿ ಕೊಂದುಹಾಕಿತು. ಊರು ತಿರುಗಿಬಿತ್ತು. ಹದಿನೆಂಟೂ ಜನ ಸತ್ತರು; ಪರಿಚಯದ ಊರವರೇ ಗುಂಡಿ ತೆಗೆಸಿ ಎಲ್ಲರನ್ನೂ ಒಟ್ಟಿಗೆ ಹೂಳಿಸಿದರಂತೆ. ಹ್ಯಾಮಿಲ್ಟನ್ ಕಥೆ ಕಟ್ಟುವುದರಲ್ಲಿ ಗಟ್ಟಿಗ. ಓದಿ ದಾಖಲಿಸಿದ ಆ ಮೂರು ಕಲ್ಲುಗಳಲ್ಲಿ ನಾಯಿಯೂ ಇಲ್ಲ, ಹಸುವೂ ಇಲ್ಲ. ಹೆಸರುಗಳೂ ಆ ಗಲಾಟೆಗಿಂತ ಮೂರು ದಶಕ ಹಿಂದಿನವು. ಹದಿನೆಂಟರ ಲೆಕ್ಕವನ್ನು ನಾನಂತೂ ಅವನ ಬಾಯಿಗೇ ಬಿಡುತ್ತೇನೆ. ಆದರೂ ಪರದೇಶದ ಬೀದಿಯಲ್ಲಿ ತನ್ನ ನಾಯಿಯನ್ನು ಹಗ್ಗವಿಲ್ಲದೆ ನಡೆಸುವ ಠೀವಿ ಇದೆಯಲ್ಲ, ಅದು ಸುಳ್ಳಾಗಿರಲಾರದು.

ಹೊನ್ನಾವರದಲ್ಲಿ ಬೇರೆಯೇ ಬಗೆಯ ವಾಸ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೇನೆ ಕೋಟೆಗೆ ನುಗ್ಗಿತು. ಆಮೇಲೆ ಅದನ್ನು ಕಾದದ್ದು ಕ್ಯಾಪ್ಟನ್ ಟೊರಿಯಾನೊ. ಟಿಪ್ಪುವಿನ ಪಡೆ ಸುತ್ತುಗಟ್ಟಿತು. ಕದನವಿರಾಮವೇನೋ ಆಯಿತು, ಹಸಿವು, ಕಾಯಿಲೆಗಳಿಗೆ ವಿರಾಮವೆಲ್ಲಿ! 1784ರ ಮಂಗಳೂರು ಒಪ್ಪಂದವಾಗುವತನಕ ಕೋಟೆಯೊಳಗಿನ ಸಿಪಾಯಿಗಳು, ಅವರ ಹೆಂಡತಿ ಮಕ್ಕಳು ಕಂಗಾಲಾದರು. ಟೊರಿಯಾನೊನ ಶೌರ್ಯವನ್ನು ಜೇಮ್ಸ್ ಫೋರ್ಬ್ಸ್ ತನ್ನ ನೆನಪಿನ ಸಂಪುಟಗಳಲ್ಲಿ ವಿಸ್ತಾರವಾಗಿ ಅಚ್ಚು ಹಾಕಿಸಿದ. ಆ ಸಿಪಾಯಿಗಳ ಮನೆಯವರ ಕಥೆಯನ್ನು ಯಾರು ಬರೆಯಬೇಕಿತ್ತು?

ಶ್ರೀರಂಗಪಟ್ಟಣ ಬಿದ್ದ ಮೇಲೆ ಇಡೀ ಕೆನರಾ ಕಂಪನಿಯ ಕೈಸೇರಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋಗೆ ಈ ಸೀಮೆ ಹಿಡಿಸಲೇ ಇಲ್ಲ. 1800ರಲ್ಲೇ ವರ್ಗ ಮಾಡಿಸಿಕೊಂಡು ಬಯಲುಸೀಮೆಗೆ ನಡೆದ. ನಂತರದ ಸಾಹೇಬರಿಗೆ ಗೇರುಸೊಪ್ಪೆಯ ಗೀಳು. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಜೋಗದ ಬಂಗಲೆಗೆ. ಚೆಂದ ನೋಡಿ ಸುಮ್ಮನಿರುವವರೇ ಅವರು? 1856ರಲ್ಲಿ ನೌಕಾಪಡೆಯ ಅಧಿಕಾರಿಗಳು ಜಲಪಾತವನ್ನು ಅಳೆದೇಬಿಟ್ಟರು, ಸುಮಾರು 830 ಅಡಿ. ಹೊನ್ನಾವರದ ಗುಡ್ಡದ ಮೇಲೆ ‘ಕರ್ನಲ್ ಕಂಬ’ ಇಂದಿಗೂ ನಿಂತಿದೆ. ಹಿಲ್ ಎಂಬ ಸೇನಾಧಿಕಾರಿಯ ನೆನಪಿಗೆ ಎತ್ತಿದ್ದು. ಊರವರಿಗೆ ಮಾತ್ರ ಹೆಸರು ಬೇಕಾಗಿಲ್ಲ, ಹುದ್ದೆ ಸಾಕು.

ಕುಮಟೆಯಲ್ಲಿ ಗೋರಿಯ ಮಾತಿಲ್ಲ, ಪೂರಾ ವ್ಯಾಪಾರ. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಅಂಡಿಗೆಗಳು ಗಾಡಿಯಲ್ಲಿ ಘಟ್ಟ ಇಳಿದು ಇಲ್ಲಿಂದ ಮುಂಬಯಿಗೆ ಹೋಗುತ್ತಿದ್ದವು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಲಂಕಾಶೈರಿನ ಗಿರಣಿಗಳ ಕಣ್ಣು ಈ ಕಡೆಗೂ ಬಿತ್ತು. ಮರುವರ್ಷ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ನಂಟಿತ್ತು. ಗಿರಣಿಯವರು ಒಲವು ತೋರಿದ್ದು ಕಾರವಾರ ಬಂದರಿಗೆ, ಕುಮಟೆಗಲ್ಲ. 1880ರ ದಶಕದ ಕೊನೆಗೆ ರೈಲು ಮರ್ಮಗೋವೆ ಸೇರಿದ್ದೇ ಘಟ್ಟದ ಗಾಡಿಗಳ ಕೆಲಸ ಕಳೆಯಿತು. ಅಷ್ಟಾದರೂ ದಲ್ಲಾಳಿಗಳ ಪಟ್ಟಿಯಲ್ಲಿ ಧಾರವಾಡದ ಆ ಹತ್ತಿ ಬಹುಕಾಲ ‘ಕುಮಟಾ’ ಎಂದೇ ದರ ಪಡೆಯಿತು, ಕುಮಟೆಯವರು ಬೆಳೆಯುತ್ತಿದ್ದದ್ದು ಭತ್ತ ಮತ್ತು ತೆಂಗು.