ಹಬ್ಬದ ಸಿಹಿ ದಿನದ ಕಪ್ಪಿಗಿಳಿದ ಬಗೆ

ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯ ಊಟದ ಚರಿತ್ರೆ ಇಸಾಂಪುರದ ಸುಣ್ಣಕಲ್ಲಿನ ಬಂಡೆಗಳಿಂದ ಶುರುವಾಗುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ಶೋಧಿಸಿದ ಈ ಕಣಿವೆಯಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆಯೇ ಆದಿಮಾನವರು ಕಲ್ಲೊಡೆದು ಕೈಗೊಡಲಿ ಮಾಡಿಕೊಂಡಿದ್ದರು. ಬೇಸಿಗೆಯಲ್ಲಿ ಬತ್ತದ ಬುಗ್ಗೆಗಳ ಬಳಿ ಸೇರುತ್ತಿದ್ದರು, ಮಳೆಗಾಲದಲ್ಲಿ ಕಣಿವೆ ತುಂಬ ಚದುರುತ್ತಿದ್ದರು ಎಂಬುದು ಪದ್ದಯ್ಯನವರ ವಾದ. ಅವರ ಪಾಲಿನ ಸಿಹಿ ಕಾಡುಹಣ್ಣು, ಜೇನು ಬಿಟ್ಟು ಬೇರೇನಿದ್ದೀತು? ಹಣ್ಣಿಗೆ ಕಾಯಬೇಕು, ಜೇನಿಗೆ ಕಡಿಸಿಕೊಳ್ಳಬೇಕು.

ಬೇಸಾಯ ಬಂದು ಜೋಳದ ರೊಟ್ಟಿ ನೆಲೆಯೂರಿದ ಮೇಲೂ ಸಿಹಿಗೆ ತಿಥಿ ನೋಡುವ ರೂಢಿ ತಪ್ಪಲಿಲ್ಲ. ಸಂಕ್ರಾಂತಿಗೆ ಕುಸುರೆಳ್ಳು, ಪಂಚಮಿಗೆ ಉಂಡಿ, ಗೌರಿ ಹುಣ್ಣಿಮೆಗೆ ಅಚ್ಚಿನ ಸಕ್ಕರೆ ಆರತಿ. ಮೊಹರಂ ಬಂದರೆ ಚೋಂಗೆ, ಅಲಾಯಿ ದೇವರ ಮುಂದೆ ಓದಿಸಿ ತಂದ ಸಕ್ಕರೆ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದವರು ಬೆಂಡು-ಬತ್ತಾಸು ಕಟ್ಟಿಸಿಕೊಳ್ಳದೆ ಮರಳುವುದುಂಟೆ? ಉಳಿದ ದಿನ ಖಾರ, ಹಿಂಡಿ, ಪುಂಡಿಪಲ್ಯ.

ಬಿಳಿ ಸಕ್ಕರೆ ಅಗ್ಗವಾದದ್ದು ಗಿರಣಿಗಳಿಂದ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಮಂಡ್ಯದ ಕಾರ್ಖಾನೆ ಹುಟ್ಟಿತು. ಹುಣಸಗಿ ಸೇರಿದ ಸುರಪುರ ಸೀಮೆ ಆಗ ನಿಜಾಮರದು. ಅವರ ಬೋಧನ್ ಕಾರ್ಖಾನೆ ಅದೇ ದಶಕದ ಕೊನೆಗೆ ಬಂತು. ಮುಂದೆ ರೇಷನ್ ಅಂಗಡಿಯೂ ಸಕ್ಕರೆ ಅಳೆದುಕೊಟ್ಟಿತು. ಆದರೂ ಸಕ್ಕರೆಯನ್ನು ದಿನದ ರೂಢಿ ಮಾಡಿದ್ದು ಚಹಾ ಎಂದೇ ನನ್ನ ತೀರ್ಮಾನ. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಸಿದ್ಧವಾಗಿ ಕಾಲುವೆಯ ಕೆಳಗೆ ಭತ್ತ ಹಬ್ಬಿತು. ನೀರು ಕಾಣದ ಊರಿನವರು ಗುಳೆ ಹೊರಟರು. ಗದ್ದೆಯ ಕೂಲಿಗೂ ದೂರದ ಪಟ್ಟಣದ ಗಾರೆ ಕೆಲಸಕ್ಕೂ ಹಸಿವನ್ನು ಒಂದು ತಾಸು ಮುಂದೂಡುವ ಅಗ್ಗದ ದಾರಿ ಒಂದೇ, ಸಿಹಿ ಚಹಾ. ಹೊಟ್ಟೆಗಿಲ್ಲದವನ ಕೈಯಿಂದ ಆ ಕಪ್ಪನ್ನು ಕಿತ್ತುಕೊಂಡು ಆರೋಗ್ಯದ ಪಾಠ ಹೇಳುವುದು ಸಲ್ಲ. ಆದರೆ ಅಂಗಡಿಯ ಗಲ್ಲೆಯ ಹಿಂದೆ ಕೂತವರೂ ಅಷ್ಟೇ ಕಪ್ಪು ಕುಡಿಯುತ್ತಾರಲ್ಲ!

ಲೆಕ್ಕ ಸುಲಭ. ದಿನದ ಶಕ್ತಿಯಲ್ಲಿ ಹೀಗೆ ಬೆರೆಸಿದ ಸಕ್ಕರೆಯ ಪಾಲು ಶೇ 10 ಮೀರಬಾರದು, ಶೇ 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2,000 ಕ್ಯಾಲೊರಿ ಉಣ್ಣುವವರಿಗೆ ಅದು 50 ಗ್ರಾಂ, ಅಥವಾ 25. ಕಪ್ಪಿಗೆ ಎರಡು ಚಮಚದಂತೆ ಐದು ಕಪ್ಪು ಕುಡಿದರೆ 50ರ ಹತ್ತಿರಕ್ಕೆ ಬಂದಿರಿ. 300 ಮಿ.ಲೀ. ತಂಪು ಪಾನೀಯದಲ್ಲೇ ಸುಮಾರು 30 ಗ್ರಾಂ ಇರುತ್ತದೆ.

ಹಾಗಾದರೆ ಪೇರಲ, ಬಾರಿಹಣ್ಣು? ಅವು ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಹಣ್ಣಿನ ಸಕ್ಕರೆ ಬೇರೆ ಜಾತಿಯದೆಂದಲ್ಲ. ಗ್ಲೂಕೋಸು, ಫ್ರುಕ್ಟೋಸು ಎರಡೂ ಕಡೆ ಅವೇ. ಹಣ್ಣಿನಲ್ಲಿ ಅದು ನಾರಿನ ಜೊತೆಗೆ, ಜೀವಕೋಶದ ಗೋಡೆಯೊಳಗೆ ಇರುತ್ತದೆ. ಅಗಿಯಬೇಕು, ಹೊಟ್ಟೆ ತುಂಬುತ್ತದೆ, ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಅದೇ ಹಣ್ಣನ್ನು ಹಿಂಡಿ ರಸ ಮಾಡಿದರೆ ಆ ರಸ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಜೇನೂ ಸೇರುತ್ತದೆ, ಬೆಲ್ಲವೂ ಸೇರುತ್ತದೆ. ಈಗ ಹೆದ್ದಾರಿ ಬದಿಯಲ್ಲೆಲ್ಲ ಬೋರ್ಡು ಹಾಕಿಕೊಂಡ ‘ಬೆಲ್ಲದ ಚಹಾ’ ರುಚಿಗೆ ಸರಿ. ಅದನ್ನು ಔಷಧವೆಂದು ಎರಡು ಕಪ್ಪು ಹೆಚ್ಚಿಗೆ ಕುಡಿಯುವವರನ್ನು ಕಂಡರೆ ಮಾತ್ರ ನಗು ಬರುತ್ತದೆ.

ಹಣ್ಣು-ಸಕ್ಕರೆಯ ಈ ಜಗಳ ಶಾಲೆಯ ಅಡುಗೆಮನೆಗೂ ಬಂತು. ಅಪೌಷ್ಟಿಕತೆ ಹೆಚ್ಚಿದ್ದ ಯಾದಗಿರಿಯಂಥ ಜಿಲ್ಲೆಗಳಲ್ಲಿ ಸರ್ಕಾರ 2021ರ ಡಿಸೆಂಬರಿನಿಂದ ಮಕ್ಕಳಿಗೆ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡತೊಡಗಿತು. ಆಮೇಲೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿದಾಗ ಶೇಂಗಾ ಚಿಕ್ಕಿಯೂ ಸೇರಿತು. 2025ರ ಆರಂಭದಲ್ಲಿ ಸಿಹಿ ಹೆಚ್ಚು, ದಾಸ್ತಾನು ಸರಿಯಿಲ್ಲ ಎಂಬ ಕಾರಣಗಳನ್ನೂ ಕೊಟ್ಟು ಶಿಕ್ಷಣ ಇಲಾಖೆ ಚಿಕ್ಕಿ ನಿಲ್ಲಿಸಿತು, ಬಾಳೆಹಣ್ಣು ಉಳಿಯಿತು. ನಿರ್ಧಾರ ಸರಿಯೇ. ಆದರೆ ಚಿಕ್ಕಿಯನ್ನು ಡಬ್ಬಿಯಲ್ಲಿ ವಾರಗಟ್ಟಲೆ ಇಡಬಹುದು, ಈ ಸೀಮೆಯ ಬಿಸಿಲಿಗೆ ಬಾಳೆಹಣ್ಣು ಎರಡೇ ದಿನಕ್ಕೆ ಕಪ್ಪಾಗುತ್ತದೆ. ದೂರದ ಹಳ್ಳಿ ಶಾಲೆಗೆ ಅದನ್ನು ಮುಟ್ಟಿಸುವ ಮೇಷ್ಟ್ರ ಪೇಚಾಟವೂ ಸಣ್ಣದಲ್ಲ.