ಸಂತೇಮರಹಳ್ಳಿಯ ಆ ಒಂದು ಓಟು

"ಆ ಒಂದು ಓಟು ನಂದೇ ಕನಾ ಸಾ. ಅಲ್ಲ ಅನ್ನೋರು ಯಾರವ್ರೆ?"

ಸಂತೇಮರಹಳ್ಳಿ ವೃತ್ತದ ಟೀ ಅಂಗಡಿಯಲ್ಲಿ ಹಿರಿಯರೊಬ್ಬರು ಹೀಗೆಂದಾಗ ಪಕ್ಕದ ಬೆಂಚಿನವರು ಸುಮ್ಮನಿರಲಿಲ್ಲ. "ನಿಂದೇ ಯಾಕಣ್ಣ, ನಂದೂ ಆಗಬೌದಲ್ವಾ?" ಅಂದರು. ಕೇಳುತ್ತ ಕೂತ ನನಗೆ ರೋಮಾಂಚನ. ಇಬ್ಬರ ಮಾತೂ ನಿಜ!

2004ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಇಲ್ಲಿ ಪಡೆದದ್ದು 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಅಂದರೆ ಗೆಲ್ಲಿಸಿದ ಓಟು ತನ್ನದೇ ಎನ್ನುವ ಹಕ್ಕು 40,752 ಜನರಿಗೂ ಇದೆ. ಅವತ್ತು ಲೋಕಸಭೆಗೂ ಮತದಾನ. ಒಬ್ಬೊಬ್ಬರೂ ಎರಡೆರಡು ಯಂತ್ರದ ಗುಂಡಿ ಒತ್ತಿ ಬಂದಿದ್ದರು.

ಈ ಊರಿನ ಹೆಸರು ಬಂದಲ್ಲೆಲ್ಲ ಕೃಷ್ಣಮೂರ್ತಿಯವರ ಕಾರು ಚಾಲಕನ ಕತೆಯೂ ಬರುತ್ತದೆ. ಕೆಲಸದ ಗಡಿಬಿಡಿಯಲ್ಲಿ ಆತ ಓಟು ಹಾಕಲಿಲ್ಲ, ಹಾಗಾಗಿ ಸಾಹೇಬರು ಸೋತರು ಎಂದು. ನನಗೆ ಈ ಕತೆ ಒಪ್ಪಿಗೆಯಿಲ್ಲ. ಆತ ಹಾಕಿದ್ದರೂ ಲೆಕ್ಕ ಸಮ ಆಗುತ್ತಿತ್ತು, ಅಷ್ಟೇ. ಸಮವಾದರೆ 1951ರ ಜನಪ್ರತಿನಿಧಿ ಕಾಯ್ದೆಯಂತೆ ಚೀಟಿ ಎತ್ತಬೇಕು. ಗೆಲ್ಲಲು ಚಾಲಕನ ಜೊತೆ ಇನ್ನೊಬ್ಬರು ಬೇಕಿತ್ತು. ಆ ಇನ್ನೊಬ್ಬರನ್ನು ಯಾರೂ ಹುಡುಕಲಿಲ್ಲ. ಸೋಲಿನ ಹೊರೆಯೆಲ್ಲ ಒಬ್ಬ ದುಡಿಯುವ ಮನುಷ್ಯನ ತಲೆಗೆ ಬಿತ್ತು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದೇ ಮತದಿಂದ ಸೋತಾಗಲೂ ಮತಗಟ್ಟೆಗೆ ಹೋಗದ ಮನೆಯವರ ಮಾತೇ ಎದ್ದಿತ್ತು. ಬಂದು ಓಟು ಹಾಕಿದವರ ಮಾತು ಯಾಕೆ ಏಳುವುದಿಲ್ಲ?

ಕೃಷ್ಣಮೂರ್ತಿ ಸಾಮಾನ್ಯ ಅಭ್ಯರ್ಥಿಯೇನಲ್ಲ. ಸಚಿವರಾಗಿ, ಕೇರಳದ ರಾಜ್ಯಪಾಲರಾಗಿ ಹೆಸರಾದ ಬಿ. ರಾಚಯ್ಯನವರ ಮಗ. ಅಂಥ ಮನೆತನದ ಎದುರು ಬಂದ ಗೆಲುವಿದು. ಧ್ರುವನಾರಾಯಣ ಮುಂದೆ ಚಾಮರಾಜನಗರದ ಸಂಸದರಾಗಿ ಎರಡು ಸಲ ಗೆದ್ದರು. 2019ರಲ್ಲಿ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ಮತಗಳಿಂದ ಸೋತರು. ಅಂಚಿನ ಅಂಕಿಗಳು ಅವರ ಬೆನ್ನು ಬಿಡಲೇ ಇಲ್ಲ.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಹೋಯಿತು. ಹೋಬಳಿ ಕೊಳ್ಳೇಗಾಲಕ್ಕೆ ಸೇರಿತು. ಕೃಷ್ಣಮೂರ್ತಿ ಕಾಂಗ್ರೆಸ್ ಸೇರಿ 2018ರಲ್ಲಿ ಅಲ್ಲಿ ನಿಂತು, ಬಿಎಸ್‌ಪಿಯ ಎನ್. ಮಹೇಶ್ ಎದುರು ಸೋತರು. 2023ರ ಮೇ ತಿಂಗಳಲ್ಲಿ ಅದೇ ಮಹೇಶ್ ಬಿಜೆಪಿಯಿಂದ ನಿಂತಾಗ ಕೃಷ್ಣಮೂರ್ತಿ ಸುಮಾರು 59 ಸಾವಿರ ಮತಗಳ ಅಂತರದಿಂದ ಗೆದ್ದರು. ಅದನ್ನು ನೋಡಲು ಧ್ರುವನಾರಾಯಣ ಇರಲಿಲ್ಲ; ಎರಡು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದರು. ಆ ಹೊತ್ತಿಗೆ ಇಬ್ಬರದೂ ಒಂದೇ ಪಕ್ಷ.